ಸೂಕ್ಷ್ಮದರ್ಶಕದಡಿಯ ಜೀವಕೋಶ: ಕಣ್ಣು ಕಂಡದ್ದು, ತರ್ಕ ಕಂಡದ್ದು

(ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಕಾರ್ಯಾಗಾರವೊಂದರಲ್ಲಿ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ನಮ್ಮ ಬಹುಪಾಲು ಶಾಲೆಗಳಲ್ಲಿ ವಿದ್ಯಾರ್ಥಿಗಳು ಜೀವಕೋಶದ ಚಿತ್ರವನ್ನು ಮೊದಲು ಬರೆಯುತ್ತಾರೆ, ಜೀವಕೋಶವನ್ನು ಆಮೇಲೆ ನೋಡುತ್ತಾರೆ. ಎಷ್ಟೋ ಮಕ್ಕಳಿಗೆ ಆ ನೋಡುವ ದಿನ ಬರುವುದೇ ಇಲ್ಲ. ಪಠ್ಯಪುಸ್ತಕದ ಚಿತ್ರದಲ್ಲಿ ಕೋಶಪೊರೆ ಸ್ಪಷ್ಟವಾದ ಗೆರೆಯಾಗಿದೆ, ಮೈಟೋಕಾಂಡ್ರಿಯಾಗಳು ತಮ್ಮ ಒಳಮಡಿಕೆಗಳ ಸಮೇತ ಕಾಣುತ್ತವೆ, ರೈಬೋಸೋಮ್‌ಗಳು ಚುಕ್ಕೆಗಳಾಗಿ ಹರಡಿವೆ, ಗಾಲ್ಗಿ ಸಂಕೀರ್ಣ ಒಂದು ಮೂಲೆಯಲ್ಲಿ ಅಚ್ಚುಕಟ್ಟಾಗಿ ಕೂತಿದೆ. ಆ ಚಿತ್ರದಲ್ಲಿ ಸುಳ್ಳೇನೂ ಇಲ್ಲ. ಆದರೆ ಒಂದೇ ಉಪಕರಣದಲ್ಲಿ ಒಂದೇ ನೋಟಕ್ಕೆ ಯಾರೂ ಅದನ್ನು ಕಂಡಿಲ್ಲ. ಸುಮಾರು ಮೂರು ಶತಮಾನಗಳ ಅವಧಿಯಲ್ಲಿ, ಬೇರೆ ಬೇರೆ ಬಗೆಯ ಸೂಕ್ಷ್ಮದರ್ಶಕಗಳಿಂದ, ಬೇರೆ ಬೇರೆ ಜೀವಿಗಳಲ್ಲಿ ಕಂಡದ್ದನ್ನೂ ತರ್ಕದಿಂದ ತಿಳಿದದ್ದನ್ನೂ ಒಟ್ಟುಗೂಡಿಸಿ ಬರೆದ ಚಿತ್ರ ಅದು. ಇದನ್ನು ಮಕ್ಕಳಿಗೆ ಹೇಳದೆ ಹೋದರೆ, ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಇಣುಕುವ ಹುಡುಗಿ ನಿರಾಶಳಾಗುತ್ತಾಳೆ. ಪುಸ್ತಕದಲ್ಲಿದ್ದದ್ದು ಇಲ್ಲಿ ಕಾಣುತ್ತಿಲ್ಲವಾದ್ದರಿಂದ ತಪ್ಪು ತನ್ನ ಕಣ್ಣಿನದೇ ಇರಬೇಕೆಂದು ಭಾವಿಸಿ, ಕಂಡದ್ದನ್ನು ಬಿಟ್ಟು ಪುಸ್ತಕದ ಚಿತ್ರವನ್ನೇ ದಾಖಲೆ ಪುಸ್ತಕಕ್ಕೆ ಇಳಿಸುತ್ತಾಳೆ.

ಹಾಗಾಗಿ ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ವಿಚಾರ ಒಂದೇ. ಶಾಲೆಯ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ಎಲ್ಲ ಭಾಗಗಳೂ ಕಾಣಲಾರವು. ಆದರೆ ಜೀವಕೋಶವು ಜೀವಂತವಾಗಿದೆ ಎಂಬುದು ಖಂಡಿತವಾಗಿ ಕಾಣುತ್ತದೆ. ಅದಕ್ಕೆ ಹೆಚ್ಚಿನ ವರ್ಧನೆ ಬೇಕಾಗಿಲ್ಲ. ಬೆಳಕನ್ನು ಹದ ಮಾಡುವುದು, ಮಾದರಿಯನ್ನು ತೆಳುವಾಗಿ ತೆಗೆಯುವುದು, ನೋಡಿದ್ದರ ಬಗ್ಗೆ ಪ್ರಶ್ನೆ ಕೇಳುವುದು ಇಷ್ಟು ಸಾಕು.

ಈ ಮಾತಿಗೆ ಮೊದಲ ಸಾಕ್ಷಿ ಜೀವಕೋಶದ ಚರಿತ್ರೆಯ ಆರಂಭದಲ್ಲೇ ಇದೆ. ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ‘ಮೈಕ್ರೋಗ್ರಾಫಿಯಾ’ದಲ್ಲಿ ಬೆಂಡಿನ ಕೋಶಗಳನ್ನು ವರ್ಣಿಸಿದ್ದಾರೆಂದು ನಾವೆಲ್ಲರೂ ಪಾಠ ಮಾಡುತ್ತೇವೆ. ಅವರು ಅದನ್ನು ಹೇಗೆ ಕಂಡರು ಎಂಬುದನ್ನು ಮಾತ್ರ ಸಾಮಾನ್ಯವಾಗಿ ಹೇಳುವುದಿಲ್ಲ. ಕ್ಷೌರದ ಕತ್ತಿಯಷ್ಟು ಹರಿತ ಮಾಡಿಕೊಂಡ ಚಾಕುವಿನಿಂದ ಬೆಂಡಿನ ಮೇಲ್ಮೈಯನ್ನು ಮೊದಲು ನುಣುಪು ಮಾಡಿಕೊಂಡು, ಅಲ್ಲಿಂದ ಅತ್ಯಂತ ತೆಳುವಾದ ಒಂದು ಚೂರನ್ನು ಕೊಯ್ದರು. ಬೆಂಡು ಬಿಳಿಯ ವಸ್ತುವಾದ್ದರಿಂದ ಆ ಚೂರನ್ನು ಕಪ್ಪು ತಟ್ಟೆಯ ಮೇಲೆ ಇಟ್ಟರು. ಅದರ ಮೇಲೆ ಉಬ್ಬು ಮಸೂರವೊಂದರ ಮೂಲಕ ಬೆಳಕನ್ನು ಕೇಂದ್ರೀಕರಿಸಿದರು. ಆಗ ರಂಧ್ರಗಳ ಸಾಲು ಕಾಣಿಸಿತು. ಗಮನಿಸಿ, ಈ ಮೂರು ಹೆಜ್ಜೆಗಳಲ್ಲಿ ಯಾವುದೂ ವರ್ಧನೆಗೆ ಸಂಬಂಧಿಸಿದ್ದಲ್ಲ. ಎಲ್ಲವೂ ಮಾದರಿಯ ತಯಾರಿಗೆ ಮತ್ತು ಬೆಳಕಿಗೆ ಸಂಬಂಧಿಸಿದವು.

ಅಷ್ಟಕ್ಕೇ ಹುಕ್ ನಿಲ್ಲಲಿಲ್ಲ, ಎಣಿಸಿದರು. ಒಂದು ಅಂಗುಲದ ಹದಿನೆಂಟನೆಯ ಒಂದು ಭಾಗದಲ್ಲಿ ಸುಮಾರು 60 ಕೋಶಗಳು ಸಾಲಾಗಿ ಇದ್ದವು. ಅಂದರೆ ಒಂದು ಅಂಗುಲಕ್ಕೆ 1,080. ಒಂದು ಚದರ ಅಂಗುಲಕ್ಕೆ 11,66,400. ಒಂದು ಘನ ಅಂಗುಲಕ್ಕೆ ನೂರಿಪ್ಪತ್ತೈದು ಕೋಟಿಗೂ ಮಿಕ್ಕಿ. ಈ ಲೆಕ್ಕವನ್ನು ಅವರೇ ಬರೆದಿಟ್ಟಿದ್ದಾರೆ. ನಮ್ಮ ಅಳತೆಗೆ ಇಳಿಸಿದರೆ ಒಂದೊಂದು ಕೋಶ ಸುಮಾರು 23 ಮೈಕ್ರೋಮೀಟರ್ ಅಗಲ, ಅಂದರೆ ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಭಾಗಕ್ಕೆ ಹತ್ತಿರ. ಅಳತೆಯ ಈ ಪ್ರಜ್ಞೆಯನ್ನು ನಾವು ತರಗತಿಯಲ್ಲಿ ಪೂರ್ತಿ ಬಿಟ್ಟುಬಿಟ್ಟಿದ್ದೇವೆಂಬುದು ನನಗೆ ಬಹಳ ನೋವಿನ ಸಂಗತಿ. ಮುಂದೆ ಇದಕ್ಕೆ ಮರಳುತ್ತೇನೆ.

ಹುಕ್ ಕಂಡದ್ದು ಸತ್ತ ಕೋಶಗಳ ಭಿತ್ತಿಗಳನ್ನು. ಜೀವಂತ ಏಕಕೋಶಿಗಳನ್ನು ಕಂಡು ವಿವರಿಸಿದವರು ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್. 1670ರ ದಶಕದಲ್ಲಿ ಅವರು ಕೆರೆಯ ನೀರು, ಮಳೆನೀರು, ಮೆಣಸು ನೆನೆಸಿದ ನೀರು ಎಲ್ಲವನ್ನೂ ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರಗಳನ್ನು ಬರೆದರು. ಅವರ ಉಪಕರಣದಲ್ಲಿ ಇದ್ದದ್ದು ಒಂದೇ ಒಂದು ಪುಟ್ಟ ಮಸೂರ. ಆದರೂ ಉಳಿದುಕೊಂಡಿರುವ ಅವರ ಮಸೂರಗಳಲ್ಲಿ ಅತ್ಯುತ್ತಮವಾದುದು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಆ ಕಾಲದ ಸಂಯುಕ್ತ ಸೂಕ್ಷ್ಮದರ್ಶಕಗಳಲ್ಲಿ ಎರಡು ಮೂರು ಮಸೂರಗಳಿದ್ದರೂ, ಒಂದು ಮಸೂರದ ದೋಷವನ್ನು ಇನ್ನೊಂದು ಹೆಚ್ಚಿಸುತ್ತಿದ್ದುದರಿಂದ ಪ್ರತಿಬಿಂಬದ ಅಂಚಿನಲ್ಲಿ ಬಣ್ಣದ ಪಟ್ಟಿಗಳು ಮೂಡಿ ಎಲ್ಲವೂ ಮಸುಕಾಗುತ್ತಿತ್ತು. ಈ ತೊಡಕು ಬಗೆಹರಿಯಲು ಒಂದೂವರೆ ಶತಮಾನ ಹಿಡಿಯಿತು. ಜೋಸೆಫ್ ಜಾಕ್ಸನ್ ಲಿಸ್ಟರ್ ಎಂಬ ದ್ರಾಕ್ಷಾರಸದ ವ್ಯಾಪಾರಿ, ಬಿಡುವಿನಲ್ಲಿ ದೃಗ್ವಿಜ್ಞಾನವನ್ನು ಅಭ್ಯಾಸ ಮಾಡಿದವರು, ಬಣ್ಣದೋಷವನ್ನೂ ಗೋಳದೋಷವನ್ನೂ ಒಟ್ಟಿಗೆ ತಗ್ಗಿಸುವಂತೆ ಮಸೂರಗಳನ್ನು ಜೋಡಿಸುವ ಕ್ರಮವನ್ನು 1830ರಲ್ಲಿ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಸೋಂಕು ತಡೆಯುವ ವಿಧಾನವನ್ನು ತಂದ ಜೋಸೆಫ್ ಲಿಸ್ಟರ್ ಇವರ ಮಗ. ಸಸ್ಯಗಳೆಲ್ಲ ಕೋಶಗಳಿಂದ ಆಗಿವೆಯೆಂದು ಶ್ಲೈಡೆನ್ 1838ರಲ್ಲಿ, ಪ್ರಾಣಿಗಳೂ ಹಾಗೆಯೇ ಎಂದು ಶ್ವಾನ್ 1839ರಲ್ಲಿ ಹೇಳಿದರು. ಮಸೂರ ಸುಧಾರಿಸಿದ ಹತ್ತು ವರ್ಷದೊಳಗೆ ಕೋಶ ಸಿದ್ಧಾಂತ ಬಂದದ್ದು ಆಕಸ್ಮಿಕವಲ್ಲವೆಂದೇ ನನ್ನ ಅಭಿಪ್ರಾಯ.

ಇಲ್ಲಿ ಭೌತಶಾಸ್ತ್ರದ ಒಂದು ವಿಷಯವನ್ನು ಹೇಳಲೇಬೇಕು, ಏಕೆಂದರೆ ಸೂಕ್ಷ್ಮದರ್ಶಕ ಕೊಳ್ಳುವಾಗ ಶಾಲೆಗಳು ಮೋಸ ಹೋಗುವುದು ಇಲ್ಲೇ. ವರ್ಧನೆ ಬೇರೆ, ಪೃಥಕ್ಕರಣ ಸಾಮರ್ಥ್ಯ ಬೇರೆ. ಹತ್ತಿರ ಹತ್ತಿರ ಇರುವ ಎರಡು ಬಿಂದುಗಳನ್ನು ಎರಡಾಗಿಯೇ ತೋರಿಸುವ ಸಾಮರ್ಥ್ಯವೇ ಪೃಥಕ್ಕರಣ. ಜರ್ಮನಿಯ ಯೇನಾದಲ್ಲಿ ಎರ್ನ್ಸ್ಟ್ ಅಬ್ಬೆ 1873ರಲ್ಲಿ ತೋರಿಸಿಕೊಟ್ಟಂತೆ, ಇದು ಬೆಳಕಿನ ತರಂಗದೂರವನ್ನೂ ಮಸೂರವು ಎಷ್ಟು ಅಗಲವಾದ ಕೋನದಿಂದ ಬೆಳಕನ್ನು ಸ್ವೀಕರಿಸುತ್ತದೆ ಎಂಬುದನ್ನೂ ಅವಲಂಬಿಸಿದೆ. ಆ ಕೋನವನ್ನೂ ಮಸೂರದ ಮುಂದಿರುವ ಮಾಧ್ಯಮವನ್ನೂ ಸೇರಿಸಿ ಲೆಕ್ಕ ಹಾಕಿದ ಸಂಖ್ಯೆಯನ್ನು ಆಬ್ಜೆಕ್ಟಿವ್‌ನ, ಅಂದರೆ ಮಾದರಿಯ ಕಡೆಗಿರುವ ಮಸೂರದ, ಮೈಮೇಲೆಯೇ ಕೆತ್ತಿರುತ್ತಾರೆ. ನಿಮ್ಮ ಶಾಲೆಯ 40ಎಕ್ಸ್ (40 ಪಟ್ಟು ಹಿಗ್ಗಿಸುವ) ಆಬ್ಜೆಕ್ಟಿವ್ ಮೇಲೆ ಸಾಮಾನ್ಯವಾಗಿ 0.65 ಎಂದಿರುತ್ತದೆ. ಹಸಿರು ಬೆಳಕಿನ ತರಂಗದೂರ ಸುಮಾರು 550 ನ್ಯಾನೋಮೀಟರ್, ಅದನ್ನು 0.65ರ ಎರಡರಷ್ಟರಿಂದ ಭಾಗಿಸಿದರೆ ಸುಮಾರು 420 ನ್ಯಾನೋಮೀಟರ್ ಬರುತ್ತದೆ. ಅದಕ್ಕಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಆ ಮಸೂರ ಬೇರೆ ಮಾಡಲಾರದು. ಎಣ್ಣೆ ಹಾಕಿ ನೋಡುವ 100ಎಕ್ಸ್ ಆಬ್ಜೆಕ್ಟಿವ್‌ನಲ್ಲಿ ಈ ಮಿತಿ ಸುಮಾರು 220 ನ್ಯಾನೋಮೀಟರ್‌ಗೆ ಇಳಿಯುತ್ತದೆ. ಇನ್ನು ಮುಂದೆ ಎಷ್ಟು ಹಿಗ್ಗಿಸಿದರೂ ಮಸುಕು ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರ ಒಂದೂ ಸಿಗುವುದಿಲ್ಲ. ಆಟಿಕೆಯ ಸೂಕ್ಷ್ಮದರ್ಶಕದ ಡಬ್ಬಿಯ ಮೇಲೆ 1200 ಪಟ್ಟು ಎಂದು ಬರೆದಿದ್ದರೆ ಆ ಸಂಖ್ಯೆಯನ್ನು ಬದಿಗಿಟ್ಟು ಆಬ್ಜೆಕ್ಟಿವ್‌ನ ಮೇಲೆ ಏನು ಕೆತ್ತಿದ್ದಾರೆ ಎಂದು ನೋಡಿ. ಏನೂ ಕೆತ್ತಿಲ್ಲವಾದರೆ ಅದನ್ನು ಕೊಳ್ಳಬೇಡಿ.

ಈ ಲೆಕ್ಕವನ್ನು ಕೋಶದ ಭಾಗಗಳಿಗೆ ಹಚ್ಚಿ ನೋಡೋಣ. ಕೋಶಪೊರೆಯ ದಪ್ಪ ಸುಮಾರು 7ರಿಂದ 8 ನ್ಯಾನೋಮೀಟರ್. ಅಂದರೆ ನಮ್ಮ 40ಎಕ್ಸ್ ಮಸೂರದ ಮಿತಿಗಿಂತ ಐವತ್ತು ಪಟ್ಟು ತೆಳು. ರೈಬೋಸೋಮ್ ಕೂಡ ಈ ಮಿತಿಗಿಂತ ಬಹಳ ಚಿಕ್ಕದು. ಮೈಟೋಕಾಂಡ್ರಿಯಾದ ಅಗಲ ಅರ್ಧದಿಂದ ಒಂದು ಮೈಕ್ರೋಮೀಟರ್ ಇರುವುದರಿಂದ ಅದು ಹೊಸ್ತಿಲ ಮೇಲಿದೆ; ತಕ್ಕ ಬಣ್ಣ ಹಾಕಿ, ಒಳ್ಳೆಯ ಮಸೂರದಲ್ಲಿ ನೋಡಿದರೆ ಚುಕ್ಕೆಯಾಗಿಯೋ ಎಳೆಯಾಗಿಯೋ ಕಾಣುತ್ತದೆ, ಒಳಮಡಿಕೆಗಳು ಕಾಣುವುದಿಲ್ಲ. ಅವುಗಳನ್ನು ಕಾಣಲು 1931ರಲ್ಲಿ ಎರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನಾಲ್ ಆರಂಭಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕಾಯಿತು. ಕೋಶಕೇಂದ್ರ, ಕೋಶಭಿತ್ತಿ, ಹಸಿರು ಕ್ಲೋರೋಪ್ಲಾಸ್ಟ್, ಒಳಗೆ ದ್ರವ ತುಂಬಿದ ದೊಡ್ಡ ರಸದಾನಿ, ವಿಭಜನೆಯ ಹೊತ್ತಿನ ವರ್ಣತಂತುಗಳು ಮಾತ್ರ ನಮ್ಮ ಉಪಕರಣಕ್ಕೆ ಧಾರಾಳವಾಗಿ ದಕ್ಕುತ್ತವೆ. ಆದ್ದರಿಂದ ಈರುಳ್ಳಿ ಪೊರೆಯನ್ನು ನೋಡಿದ ವಿದ್ಯಾರ್ಥಿಯ ಚಿತ್ರದಲ್ಲಿ ಮೈಟೋಕಾಂಡ್ರಿಯಾ ಇದ್ದರೆ ಅದಕ್ಕೆ ಅಂಕ ಕೊಡಬಾರದು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಈಗ ಮೇಜಿನ ಮೇಲಿರುವ ಉಪಕರಣಕ್ಕೆ ಬರೋಣ. ಇದು ಸಾಮಾನ್ಯ ಶಾಲಾ ಸೂಕ್ಷ್ಮದರ್ಶಕ. ನಮ್ಮ ದೇಶದಲ್ಲಿ ಇಂಥವು ಬಹಳಷ್ಟು ಹರಿಯಾಣದ ಅಂಬಾಲಾದಲ್ಲಿ ತಯಾರಾಗುತ್ತವೆ. ಇದರ ಐಪೀಸ್‌ಗೆ, ಅಂದರೆ ಕಣ್ಣಿಟ್ಟು ನೋಡುವ ಮಸೂರಕ್ಕೆ, ಕ್ಯಾಮೆರಾ ಜೋಡಿಸಿರುವುದರಿಂದ ನಾನು ನೋಡುವುದನ್ನೇ ನೀವು ಪರದೆಯ ಮೇಲೆ ನೋಡಬಹುದು. ಸ್ಲೈಡಿನ ಮೇಲಿರುವುದು ಈರುಳ್ಳಿಯ ಪದರದ ಒಳಮೈಯಿಂದ ಚಿಮುಟದಲ್ಲಿ ಎಬ್ಬಿಸಿದ ಪೊರೆ. ಬಣ್ಣ ಹಾಕಿಲ್ಲ, ಒಂದು ಹನಿ ನೀರು ಮಾತ್ರ. ಪರದೆ ಬೆಳ್ಳಗೆ ಬೆಳಗುತ್ತಿದೆ, ಏನೂ ಕಾಣುತ್ತಿಲ್ಲ ಅಲ್ಲವೇ? ಹೊಸಬರು ಇಂಥ ಹೊತ್ತಿನಲ್ಲಿ ಇನ್ನೂ ದೊಡ್ಡ ಆಬ್ಜೆಕ್ಟಿವ್‌ಗೆ ತಿರುಗಿಸುತ್ತಾರೆ. ನಾನು ಆಬ್ಜೆಕ್ಟಿವ್ ಮುಟ್ಟದೆ, ಸ್ಲೈಡ್ ಇಡುವ ಸ್ಟೇಜಿನ ಕೆಳಗಿರುವ, ಬೆಳಕಿನ ದಾರಿಯನ್ನು ಕಿರಿದು ಮಾಡುವ ಡಯಾಫ್ರಾಮ್ ಸನ್ನೆಯನ್ನು ನಿಧಾನವಾಗಿ ಮುಚ್ಚುತ್ತಾ ಬರುತ್ತೇನೆ. ನೋಡಿ, ಬೆಳಕು ಕುಗ್ಗಿದಂತೆ ಉದ್ದುದ್ದ ಕೋಶಗಳ ಭಿತ್ತಿಗಳು ಮೂಡುತ್ತಿವೆ. ಇನ್ನೂ ಸ್ವಲ್ಪ ಮುಚ್ಚಿದಾಗ ಪ್ರತಿ ಕೋಶದ ಒಂದು ಬದಿಗೆ ಒತ್ತಿಕೊಂಡಂತಿರುವ ದುಂಡನೆಯ ಕೋಶಕೇಂದ್ರವೂ ಕಾಣುತ್ತಿದೆ. ಜೀವಕೋಶ ಬಹುಮಟ್ಟಿಗೆ ನೀರು, ಅದು ಪಾರದರ್ಶಕ. ಪಾರದರ್ಶಕ ವಸ್ತುವಿಗೆ ಎಲ್ಲ ಕೋನಗಳಿಂದಲೂ ಧಾರಾಳವಾಗಿ ಬೆಳಕು ಸುರಿದರೆ ಅಂಚುಗಳು ಅಳಿಸಿಹೋಗುತ್ತವೆ. ಬೆಳಕಿನ ಶಂಕುವನ್ನು ಕಿರಿದು ಮಾಡಿದಾಗ ವ್ಯತ್ಯಾಸಗಳು ಎದ್ದು ಕಾಣುತ್ತವೆ, ಆದರೆ ಪೃಥಕ್ಕರಣ ಕೊಂಚ ಕಡಿಮೆಯಾಗುತ್ತದೆ. ಈ ಎರಡರ ನಡುವೆ ಹದ ಹುಡುಕುವುದೇ ಸೂಕ್ಷ್ಮದರ್ಶಕ ಬಳಸುವ ಕೌಶಲ. ಆ ಹದ ಪ್ರತಿ ಸ್ಲೈಡಿಗೂ ಬೇರೆ.

ಉಳಿದ ನಿಯಮಗಳು ನಿಮಗೆ ಗೊತ್ತಿರುವವೇ, ಬೇಗ ಹೇಳಿ ಮುಗಿಸುತ್ತೇನೆ. ಯಾವಾಗಲೂ ಕಡಿಮೆ ವರ್ಧನೆಯಿಂದ ಆರಂಭಿಸಿ. ಸ್ಲೈಡನ್ನೂ ಆಬ್ಜೆಕ್ಟಿವನ್ನೂ ಹತ್ತಿರ ತರುವಾಗ ಪಕ್ಕದಿಂದ ನೋಡುತ್ತಾ ತನ್ನಿ; ಐಪೀಸಿನಲ್ಲಿ ನೋಡುತ್ತಾ ಫೋಕಸ್ ಮಾಡುವಾಗ ಅವೆರಡನ್ನೂ ದೂರ ಸರಿಸುತ್ತಾ ಹೋಗಿ. ಹೀಗೆ ಮಾಡಿದರೆ ಮಾದರಿಯ ಮೇಲೆ ಮುಚ್ಚಿದ ತೆಳು ಗಾಜು, ಅಂದರೆ ಕವರ್‌ಸ್ಲಿಪ್, ಒಡೆಯುವುದಿಲ್ಲ. 40ಎಕ್ಸ್‌ಗೆ ಹೋದ ಮೇಲೆ ದೊಡ್ಡ ತಿರುಪನ್ನು ಮುಟ್ಟಬೇಡಿ, ಏಕೆಂದರೆ ಅಲ್ಲಿ ಮಸೂರಕ್ಕೂ ಗಾಜಿಗೂ ನಡುವೆ ಒಂದು ಮಿಲಿಮೀಟರ್ ಕೂಡ ಜಾಗವಿರುವುದಿಲ್ಲ. ಕನ್ನಡಿಯಿರುವ ಸೂಕ್ಷ್ಮದರ್ಶಕದಲ್ಲಿ ಕಂಡೆನ್ಸರ್ (ಬೆಳಕನ್ನು ಮಾದರಿಯ ಮೇಲೆ ಕೂಡಿಸುವ ಮಸೂರ) ಇದ್ದರೆ ಸಮತಲ ಕನ್ನಡಿ, ಇಲ್ಲದಿದ್ದರೆ ನಿಮ್ನ ಕನ್ನಡಿ. ಬೆಳಕಿಗೆ ಕಿಟಕಿಯ ಆಕಾಶ ಸಾಕು. ನೇರ ಬಿಸಿಲನ್ನು ಕನ್ನಡಿಗೆ ಬೀಳಿಸಿದರೆ ಕಣ್ಣಿಗೆ ಅಪಾಯ, ಆ ವಿಷಯದಲ್ಲಿ ಮಕ್ಕಳ ಮೇಲೆ ಸದಾ ನಿಗಾ ಇರಲಿ.

ಪರದೆಯ ಬಲಬದಿಯಲ್ಲಿ ದಪ್ಪ ಕಪ್ಪು ಅಂಚಿನ, ಒಳಗೆ ಬೆಳ್ಳಗೆ ಹೊಳೆಯುವ ಒಂದು ವೃತ್ತವಿದೆ. ಅದು ಗಾಳಿಗುಳ್ಳೆ. ಇಡೀ ನೋಟದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅದೇ ಆದ್ದರಿಂದ ಮಕ್ಕಳು ಅದನ್ನೇ ಜೀವಕೋಶವೆಂದು ಬರೆಯುತ್ತಾರೆ. ಗಾಳಿಗುಳ್ಳೆ ಬರದಂತೆ ಕವರ್‌ಸ್ಲಿಪ್ಪನ್ನು ಓರೆಯಾಗಿ ಹಿಡಿದು ಇಳಿಸುವುದನ್ನು ಕಲಿಸುವುದು ಸರಿಯೇ, ಆದರೆ ಬಂದ ಗುಳ್ಳೆಯನ್ನು ಬೇಕೆಂದೇ ಒಮ್ಮೆ ತೋರಿಸಿ, ಅದರ ಅಂಚು ಅಷ್ಟು ಕಪ್ಪಾಗಿರುವುದು ನೀರಿನಿಂದ ಗಾಳಿಗೆ ಹೋಗುವ ಬೆಳಕು ಬಲವಾಗಿ ಬಾಗುವುದರಿಂದ ಎಂದು ವಿವರಿಸಿದರೆ, ಅದೇ ಹೊತ್ತಿಗೆ ವಕ್ರೀಭವನದ ಪಾಠವೂ ಆಗುತ್ತದೆ.

ಅಳತೆಗೆ ಮರಳುತ್ತೇನೆಂದು ಹೇಳಿದ್ದೆ. ಇದಕ್ಕೆ ದುಬಾರಿ ಮೈಕ್ರೋಮೀಟರ್ ಸ್ಲೈಡ್ ಬೇಕಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಸ್ಟೇಜಿನ ಮೇಲಿಟ್ಟು 10ಎಕ್ಸ್ ಆಬ್ಜೆಕ್ಟಿವ್‌ನಲ್ಲಿ ನೋಡಿ. ಮಿಲಿಮೀಟರ್ ಗೆರೆಗಳು ಎಷ್ಟು ದೂರದೂರ ಇವೆ ನೋಡಿ; ಈ ಉಪಕರಣದಲ್ಲಿ ನೋಟದ ವೃತ್ತದ ಒಟ್ಟು ಅಗಲ ಸುಮಾರು 1.8 ಮಿಲಿಮೀಟರ್. 40ಎಕ್ಸ್‌ನಲ್ಲಿ ಅದು ನಾಲ್ಕನೆಯ ಒಂದು ಭಾಗಕ್ಕೆ, ಅಂದರೆ 0.45 ಮಿಲಿಮೀಟರಿಗೆ ಇಳಿಯುತ್ತದೆ. ಈಗ 10ಎಕ್ಸ್‌ನಲ್ಲೇ ಈರುಳ್ಳಿ ಪೊರೆಯನ್ನು ಮತ್ತೆ ಇಟ್ಟು, ವೃತ್ತದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಉದ್ದಕ್ಕೆ ಎಷ್ಟು ಕೋಶಗಳಿವೆ ಎಂದು ನೀವೇ ಎಣಿಸಿ. ಆರು ಎಂದು ಹಲವರು ಹೇಳುತ್ತಿದ್ದೀರಿ. ಹಾಗಾದರೆ ಒಂದು ಕೋಶದ ಉದ್ದ ಸುಮಾರು 0.3 ಮಿಲಿಮೀಟರ್. ಇಷ್ಟಾದ ಮೇಲೆ ಜೀವಕೋಶ ‘ಬಹಳ ಚಿಕ್ಕದು’ ಎಂಬ ಅಸ್ಪಷ್ಟ ಮಾತಿನ ಜಾಗದಲ್ಲಿ ಒಂದು ಸಂಖ್ಯೆ ಬರುತ್ತದೆ. ನಮ್ಮ ಕೆಂಪು ರಕ್ತಕಣದ ಅಡ್ಡಳತೆ 7ರಿಂದ 8 ಮೈಕ್ರೋಮೀಟರ್. ಈ ಒಂದು ಈರುಳ್ಳಿ ಕೋಶದ ಉದ್ದಕ್ಕೆ ಸುಮಾರು ನಲವತ್ತು ರಕ್ತಕಣಗಳನ್ನು ಸಾಲಾಗಿ ಇಡಬಹುದೆಂದು ಮಕ್ಕಳೇ ಲೆಕ್ಕ ಹಾಕುತ್ತಾರೆ.

ಈಗ ನನಗೆ ಅತ್ಯಂತ ಪ್ರಿಯವಾದ ಪ್ರಯೋಗ. ಎಲೆಯ ಮೇಲ್ಮೈ ಹಸಿರು, ಕೆಳಮೈ ನೇರಳೆ ಇರುವ ರಿಯೋ ಗಿಡ ನಮ್ಮ ಎಷ್ಟೋ ಮನೆಗಳ, ಕಚೇರಿಗಳ ಮುಂದಿನ ಕುಂಡಗಳಲ್ಲಿದೆ. ಎಲೆಯನ್ನು ಓರೆಯಾಗಿ ಹರಿದರೆ ಹರಿದ ಅಂಚಿನಲ್ಲಿ ಕೆಳಮೈಯ ನೇರಳೆ ಪೊರೆ ಒಂದಿಷ್ಟು ಸಿಗುತ್ತದೆ. ಅದನ್ನು ಒಂದು ಹನಿ ನೀರಿನಲ್ಲಿಟ್ಟು ಕವರ್‌ಸ್ಲಿಪ್ ಮುಚ್ಚಿ ನೋಡಿದರೆ, ನೇರಳೆ ಬಣ್ಣ ಅಂಚಿನಿಂದ ಅಂಚಿಗೆ ತುಂಬಿಕೊಂಡಿರುವ ಬಹುಭುಜಾಕಾರದ ಕೋಶಗಳು ಕಾಣುತ್ತವೆ. ಆ ಬಣ್ಣ ಆಂಥೋಸಯನಿನ್. ಅದು ಕೋಶದ ಬಹುಭಾಗವನ್ನು ಆವರಿಸಿರುವ ರಸದಾನಿಯ ನೀರಿನಲ್ಲಿ ಕರಗಿದೆ. ಪ್ರಕೃತಿಯೇ ಬಣ್ಣ ಹಾಕಿಕೊಟ್ಟಿರುವುದರಿಂದ ನಾವು ಕೋಶವನ್ನು ಕೊಲ್ಲದೆ ನೋಡಬಹುದು. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಅಡುಗೆ ಉಪ್ಪು ಕರಗಿಸಿಟ್ಟುಕೊಂಡಿದ್ದೇನೆ. ಕವರ್‌ಸ್ಲಿಪ್ಪಿನ ಒಂದು ಬದಿಗೆ ಈ ಉಪ್ಪುನೀರಿನ ಹನಿ ಬಿಟ್ಟು, ಎದುರು ಬದಿಗೆ ಒತ್ತುಕಾಗದದ ತುಂಡು ತಾಗಿಸುತ್ತೇನೆ. ಕಾಗದ ಹಳೆಯ ನೀರನ್ನು ಹೀರಿಕೊಂಡಂತೆ ಉಪ್ಪುನೀರು ಗಾಜಿನಡಿಗೆ ಹರಿಯುತ್ತದೆ. ಪರದೆಯಿಂದ ಕಣ್ಣು ತೆಗೆಯಬೇಡಿ.

ಮೊದಲು ಮೂಲೆಗಳಲ್ಲಿ ಬಿಳಿ ಸಂದು ಬಿಡುತ್ತಿದೆ. ಕೋಶಭಿತ್ತಿ ಇದ್ದಲ್ಲಿಯೇ ಇದೆ, ನೇರಳೆ ಭಾಗ ಮಾತ್ರ ಒಳಕ್ಕೆ ಸರಿಯುತ್ತಿದೆ. ಸರಿದಂತೆ ಬಣ್ಣ ಗಾಢವಾಗುತ್ತಿದೆ, ಏಕೆಂದರೆ ನೀರು ಹೊರಟುಹೋಗುತ್ತಿದೆ, ವರ್ಣದ್ರವ್ಯ ಒಳಗೇ ಉಳಿಯುತ್ತಿದೆ. ಈಗ ಕೆಲವು ಕೋಶಗಳಲ್ಲಿ ಅದು ದುಂಡಗೆ ಉಂಡೆಯಂತೆ ನಿಂತಿದೆ. ಇನ್ನು ಉಪ್ಪುನೀರನ್ನು ತೆಗೆದು ಅದೇ ಕ್ರಮದಲ್ಲಿ ಸಾದಾ ನೀರು ಬಿಡುತ್ತೇನೆ. ಕೆಲವು ನಿಮಿಷ ತಾಳಿ. ನೇರಳೆ ಮತ್ತೆ ಹಿಗ್ಗಿ ಭಿತ್ತಿಯನ್ನು ಮುಟ್ಟುತ್ತಿದೆ. ಇದೇ ಪ್ಲಾಸ್ಮೋಲಿಸಿಸ್ ಮತ್ತು ಅದರ ಹಿಮ್ಮುಖ ಕ್ರಿಯೆ. ಉಪ್ಪುನೀರಿನಲ್ಲಿ ಬಹಳ ಹೊತ್ತು ಬಿಟ್ಟರೆ ಕೋಶ ಸಾಯುತ್ತದೆ, ಮರಳಿ ಹಿಗ್ಗುವುದಿಲ್ಲ.

ಇದನ್ನು ‘ಅಭಿಸರಣೆಯ ಪ್ರಯೋಗ’, ಅಂದರೆ ಸಾಂದ್ರತೆಯ ವ್ಯತ್ಯಾಸದಿಂದ ಪೊರೆಯಾಚೆಗೆ ನೀರು ಸರಿಯುವ ಪ್ರಯೋಗ, ಎಂದು ಬರೆಸಿ ಮುಗಿಸಿಬಿಡುವುದು ಈ ದೃಶ್ಯಕ್ಕೆ ಅನ್ಯಾಯ. ಮಕ್ಕಳನ್ನು ಹೀಗೆ ಕೇಳಿ: ಭಿತ್ತಿಗೂ ನೇರಳೆ ಭಾಗಕ್ಕೂ ನಡುವೆ ತೆರೆದುಕೊಂಡ ಆ ಬಿಳಿ ಜಾಗದಲ್ಲಿ ಏನಿದೆ? ಖಾಲಿ ಜಾಗವೇ? ಅಲ್ಲ, ಅಲ್ಲಿ ತುಂಬಿರುವುದು ಉಪ್ಪುನೀರು. ಹಾಗಿದ್ದರೆ ಕೋಶಭಿತ್ತಿ ಉಪ್ಪನ್ನು ತಡೆಯುವುದಿಲ್ಲ ಎಂದಾಯಿತು. ಆದರೆ ಅದೇ ಉಪ್ಪು ನೇರಳೆ ಭಾಗದೊಳಕ್ಕೆ ಸುಲಭವಾಗಿ ನುಗ್ಗುತ್ತಿಲ್ಲ. ನುಗ್ಗಿದ್ದರೆ ಒಳಗಿನ ನೀರು ಹೊರಬರಬೇಕಾದ ಕಾರಣವೇ ಇರುತ್ತಿರಲಿಲ್ಲ. ಒಳಗಿನ ಬಣ್ಣವೂ ಹೊರಕ್ಕೆ ಸೋರುತ್ತಿಲ್ಲ. ಅಂದಮೇಲೆ ನೇರಳೆ ಭಾಗದ ಸುತ್ತ ಇನ್ನೊಂದು ಗಡಿ ಇರಲೇಬೇಕು. ಅದು ನೀರನ್ನು ಬಿಡುತ್ತದೆ, ಉಪ್ಪನ್ನೂ ಬಣ್ಣವನ್ನೂ ತಡೆಯುತ್ತದೆ. ಆ ಗಡಿಯನ್ನು ನಾವು ಕಾಣುತ್ತಿಲ್ಲ, ಈ ಮಸೂರದಲ್ಲಿ ಕಾಣಲು ಸಾಧ್ಯವೂ ಇಲ್ಲವೆಂದು ಆಗಲೇ ಲೆಕ್ಕ ಹಾಕಿದೆವು. ಆದರೂ ಅದು ಇದೆಯೆಂದು ಇಷ್ಟು ನಿಶ್ಚಯವಾಗಿ ಹೇಳಬಲ್ಲೆವು. ಕೋಶಪೊರೆಯನ್ನು ವಿಜ್ಞಾನಿಗಳು ಅರಿತದ್ದೂ ಹೀಗೆಯೇ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದನ್ನು ತೋರಿಸುವ ಎಷ್ಟೋ ಮೊದಲೇ ಅದರ ಕೆಲಸದಿಂದ ಅದರ ಇರವನ್ನು ತಿಳಿದಿದ್ದರು, 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡಲ್ ಅದು ಕೊಬ್ಬಿನ ಅಣುಗಳ ಎರಡು ಪದರವೆಂದು ಪ್ರತಿಪಾದಿಸಿಯೂ ಇದ್ದರು.

ಜೊತೆಗೆ ಇನ್ನೊಂದು ಪೊರೆಯನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ ತೆಗೆದು ನೋಡಿ. ಬಣ್ಣ ಸೋರಿಹೋಗಿರುತ್ತದೆ, ಉಪ್ಪುನೀರು ಬಿಟ್ಟರೂ ಏನೂ ನಡೆಯುವುದಿಲ್ಲ. ಭಿತ್ತಿಗಳೇನೋ ಹಾಗೆಯೇ ನಿಂತಿರುತ್ತವೆ, ಒಳಗಿನ ಗಡಿ ಮಾತ್ರ ನಾಶವಾಗಿರುತ್ತದೆ. ಸತ್ತ ಕೋಶಕ್ಕೂ ಜೀವಂತ ಕೋಶಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ನೇರವಾಗಿ ತೋರಿಸುವ ಪ್ರಯೋಗವನ್ನು ನಾನು ಕಾಣೆ.

ವಿಷಯಕ್ಕೆ ಹೊಂದಿದ್ದೇ ಆದ್ದರಿಂದ ಇಲ್ಲಿ ಒಂದು ಉಪಕಥೆ. ಈ ಬಗೆಯ ಪ್ರಯೋಗಗಳನ್ನು ಅಳತೆಗೆ ಒಳಪಡಿಸಿದವರು ನೆದರ್‌ಲ್ಯಾಂಡ್ಸಿನ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್. ಮುಂದೆ 1900ರಲ್ಲಿ ಮೆಂಡೆಲ್‌ರ ನಿಯಮಗಳನ್ನು ಮರುಶೋಧಿಸಿದವರಲ್ಲಿ ಒಬ್ಬರೆಂದು ನಾವು ಪಾಠದಲ್ಲಿ ಹೆಸರಿಸುವ ಅದೇ ಡಿ ವ್ರೀಸ್. 1880ರ ದಶಕದಲ್ಲಿ ಅವರು ಬೇರೆ ಬೇರೆ ಲವಣಗಳ, ಸಕ್ಕರೆಯ ದ್ರಾವಣಗಳಲ್ಲಿ ಯಾವ ಸಾಂದ್ರತೆಗೆ ಕೋಶದ ಒಳಭಾಗ ಭಿತ್ತಿಯಿಂದ ಆಗತಾನೇ ಬಿಡಲು ಆರಂಭಿಸುತ್ತದೆ ಎಂದು ಅಳೆದರು. ಅವರು ಬಳಸಿದ ಎಲೆಗಳಲ್ಲಿ ಈ ನೇರಳೆ ರಿಯೋ ಕೂಡ ಒಂದು. ಸಸ್ಯವಿಜ್ಞಾನದಲ್ಲಿ ನಡೆದ ಅಭಿಸರಣೆಯ ಈ ಕೆಲಸ ಅವರಂತೆಯೇ ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ರಸಾಯನವಿಜ್ಞಾನಿ ವಾಂಟ್ ಹಾಫ್‌ಗೆ ಡಿ ವ್ರೀಸ್ ಅವರಿಂದಲೇ ತಿಳಿಯಿತು. ಅದರ ಆಧಾರದ ಮೇಲೆ ವಾಂಟ್ ಹಾಫ್ ದ್ರಾವಣಗಳ ಅಭಿಸರಣ ಒತ್ತಡದ ಸಿದ್ಧಾಂತವನ್ನು ಕಟ್ಟಿದರು. 1901ರಲ್ಲಿ ರಸಾಯನವಿಜ್ಞಾನದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಅವರಿಗೆ ಸಂದಾಗ ಉಲ್ಲೇಖಿತವಾದ ಕೊಡುಗೆಗಳಲ್ಲಿ ಅಭಿಸರಣ ಒತ್ತಡದ ನಿಯಮಗಳೂ ಸೇರಿದ್ದವು. ಮಲೆನಾಡಿನ ಮನೆಗಳಲ್ಲಿ ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟಾಗ ಮಿಡಿ ಸುಕ್ಕುಗಟ್ಟಿ, ಜಾಡಿಯಲ್ಲಿ ತಾನಾಗಿ ನೀರು ಕೂಡುತ್ತದೆಯಲ್ಲ, ಅಲ್ಲಿ ನಡೆಯುವುದೂ ಇದೇ ಕ್ರಿಯೆ.

ಕೆನ್ನೆಯ ಒಳಮೈಯ ಕೋಶಗಳನ್ನು ನೀವೆಲ್ಲ ತೋರಿಸುತ್ತೀರಿ. ಮೆಥಿಲೀನ್ ನೀಲಿ ಹಾಕಿದಾಗ ಕೋಶಕೇಂದ್ರ ಗಾಢವಾಗಿ ಕಾಣುತ್ತದೆ, ಕೋಶದ ಅಂಚು ಅಡ್ಡಾದಿಡ್ಡಿಯಾಗಿ ಮಡಚಿರುತ್ತದೆ. ಆ ಮಡಿಕೆಯತ್ತ ಗಮನ ಸೆಳೆಯಿರಿ. ಭಿತ್ತಿಯಿಲ್ಲದ ಪ್ರಾಣಿಕೋಶ ಬಗ್ಗುತ್ತದೆ, ಮಡಚಿಕೊಳ್ಳುತ್ತದೆ, ಈರುಳ್ಳಿಯ ಕೋಶ ಹಾಗೆ ಮಾಡುವುದಿಲ್ಲ. ವ್ಯತ್ಯಾಸಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಒಂದು ನೋಟ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ. ಬಳಸಿದ ಕಡ್ಡಿಯನ್ನು ಒಬ್ಬರಿಂದ ಒಬ್ಬರಿಗೆ ಕೊಡದೆ ಕೂಡಲೇ ಎಸೆಯಬೇಕೆಂಬ ಎಚ್ಚರಿಕೆ ಇರಲಿ.

ನಿಮ್ಮ ಊರಿನ ಕೆರೆಯಲ್ಲಿ, ಕಾಲುವೆಯಲ್ಲಿ ಹೈಡ್ರಿಲ್ಲಾ ಎಂಬ ನೀರುಗಿಡ ಸಿಕ್ಕರೆ ಒಂದು ಎಳೆಯ ಎಲೆಯನ್ನು ಕಿತ್ತು ಹಾಗೆಯೇ ಸ್ಲೈಡಿನ ಮೇಲಿಡಿ. ಆ ಎಲೆಯ ದಪ್ಪ ಎರಡೇ ಕೋಶಗಳಷ್ಟು ಇರುವುದರಿಂದ ಕೊಯ್ಯುವ ಶ್ರಮವೇ ಇಲ್ಲ. ನಡುನರದ ಬಳಿಯ ಉದ್ದನೆಯ ಕೋಶಗಳನ್ನು 40ಎಕ್ಸ್‌ನಲ್ಲಿ ನೋಡುತ್ತಾ ಇರಿ. ಮೊದಲು ಹಸಿರು ಕ್ಲೋರೋಪ್ಲಾಸ್ಟ್‌ಗಳು ನಿಶ್ಚಲವಾಗಿರುವಂತೆ ತೋರಬಹುದು. ದೀಪದ ಬೆಳಕು, ಅಲ್ಪಸ್ವಲ್ಪ ಬಿಸಿ ತಾಗಿದ ಮೇಲೆ ಅವು ಒಂದರ ಹಿಂದೆ ಒಂದು ಭಿತ್ತಿಯ ಗುಂಟ ಸಾಗತೊಡಗುತ್ತವೆ. ಕೋಶದ ಕೊನೆಗೆ ಹೋಗಿ ತಿರುಗಿ ಇನ್ನೊಂದು ಬದಿಯಿಂದ ಮರಳುತ್ತವೆ. ಕ್ಲೋರೋಪ್ಲಾಸ್ಟ್ ತಾನಾಗಿ ಈಜುತ್ತಿಲ್ಲ, ಅದನ್ನು ಹೊತ್ತ ಕೋಶದ್ರವ್ಯವೇ ಹರಿಯುತ್ತಿದೆ. ಕೋಶದ್ರವ್ಯ ಬಣ್ಣವಿಲ್ಲದ್ದರಿಂದ ನಮಗೆ ಕಾಣುವುದಿಲ್ಲ. ಅದು ಸಾಗಿಸುವ ಹಸಿರು ಕಣಗಳಿಂದ ಅದರ ಹರಿವು ತಿಳಿಯುತ್ತದೆ. ತರಗತಿಯಲ್ಲಿ ಇದನ್ನು ತೋರಿಸಲು ಮುಕ್ಕಾಲು ಗಂಟೆ ಬೇಕಾದರೂ ಕೊಡಿ. ಮಗು ಈ ಚಲನೆಯನ್ನು ಒಮ್ಮೆ ಕಂಡ ಮೇಲೆ ‘ಜೀವಕೋಶವು ಜೀವದ ಮೂಲ ಘಟಕ’ ಎಂಬ ವಾಕ್ಯವನ್ನು ಓದುವ ರೀತಿಯೇ ಬದಲಾಗುತ್ತದೆ.

ಕೋಶಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆ ಉಳಿಯಿತು. ಶ್ಲೈಡೆನ್ ಮತ್ತು ಶ್ವಾನ್ ಇಬ್ಬರೂ ಹೊಸ ಕೋಶಗಳು ಆಕಾರವಿಲ್ಲದ ದ್ರವದಿಂದ ಹರಳುಗಟ್ಟಿದಂತೆ ಹುಟ್ಟುತ್ತವೆಂದು ನಂಬಿದ್ದರು. ನಿಶ್ಚಲ ಸ್ಲೈಡಿನಲ್ಲಿ ಹುಟ್ಟು ಕಾಣುವುದಿಲ್ಲವಾದ್ದರಿಂದ ಅದು ಅಸಹಜವಾದ ಊಹೆಯೇನಲ್ಲ. ರಾಬರ್ಟ್ ರೆಮಾಕ್ ಕೋಶಗಳು ಒಡೆದು ಎರಡಾಗುವುದನ್ನು ಭ್ರೂಣಗಳಲ್ಲಿ ಗಮನಿಸಿ ಬರೆದರು, 1855ರಲ್ಲಿ ವಿರ್ಚೋ ಅದನ್ನು ಸಾರ್ವತ್ರಿಕ ನಿಯಮವಾಗಿ ಸಾರಿದರು, ವಾಲ್ಟರ್ ಫ್ಲೆಮಿಂಗ್ 1882ರ ಹೊತ್ತಿಗೆ ವರ್ಣತಂತುಗಳ ನಡೆಯನ್ನು ಹಂತಹಂತವಾಗಿ ವಿವರಿಸಿದರು. ಈರುಳ್ಳಿಯ ಬೇರಿನ ತುದಿಯ ಒಂದೆರಡು ಮಿಲಿಮೀಟರನ್ನು ಮೃದುಗೊಳಿಸಿ, ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿ, ಕವರ್‌ಸ್ಲಿಪ್ಪಿನ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಆ ಹಂತಗಳೆಲ್ಲ ನಮಗೂ ಕಾಣುತ್ತವೆ. ಆದರೆ ಪಠ್ಯದಲ್ಲಿ ನಾಲ್ಕು ಹಂತಗಳ ಚಿತ್ರ ಸಮನಾದ ಗಾತ್ರದಲ್ಲಿ ಇರುವುದರಿಂದ ಅವೆಲ್ಲ ಸಮ ಪ್ರಮಾಣದಲ್ಲಿ ಸಿಗುತ್ತವೆಂಬ ಭಾವನೆ ಮೂಡುತ್ತದೆ. ಮಕ್ಕಳಿಗೆ ನೂರು ಕೋಶಗಳನ್ನು ಎಣಿಸಲು ಹೇಳಿ. ಬಹುತೇಕ ಕೋಶಗಳು ವಿಭಜನೆಯಲ್ಲೇ ಇರುವುದಿಲ್ಲ. ಇರುವವುಗಳಲ್ಲಿ ಮೊದಲ ಹಂತದವು ಹೆಚ್ಚು, ವರ್ಣತಂತುಗಳು ಎರಡು ಧ್ರುವಗಳತ್ತ ಸರಿಯುವ ಹಂತದವು ತೀರ ವಿರಳ. ಯಾವ ಹಂತ ಹೆಚ್ಚು ಹೊತ್ತು ನಡೆಯುತ್ತದೋ ಆ ಹಂತದಲ್ಲಿ ಹೆಚ್ಚು ಕೋಶಗಳು ಸಿಕ್ಕಿಬೀಳುತ್ತವೆ. ಹೀಗೆ ಸತ್ತ ಕೋಶಗಳ ನಿಶ್ಚಲ ಸ್ಲೈಡಿನಿಂದಲೇ ಜೀವಂತ ಬೇರಿನಲ್ಲಿ ಯಾವ ಹಂತಕ್ಕೆ ಎಷ್ಟು ಕಾಲ ಎಂಬುದನ್ನು ತರ್ಕಿಸಬಹುದು.

ಚಿತ್ರ ಬರೆಯುವ ಬಗ್ಗೆ ನನ್ನ ಒಂದು ಬೇಡಿಕೆ. ಮಕ್ಕಳು ಐಪೀಸಿನ ಪಕ್ಕದಲ್ಲೇ ಕುಳಿತು ಚಿತ್ರ ಬರೆಯಲಿ. ಮನೆಗೆ ಹೋಗಿ ಪುಸ್ತಕ ನೋಡಿ ಬರೆಯುವುದು ಬೇಡ. ಪ್ರತಿ ಚಿತ್ರದ ಕೆಳಗೆ ಯಾವ ಆಬ್ಜೆಕ್ಟಿವ್, ಯಾವ ಬಣ್ಣ, ಕೋಶದ ಅಂದಾಜು ಅಳತೆ ಎಷ್ಟು ಎಂದು ನಮೂದಿಸಲಿ. ಕಂಡ ಭಾಗಗಳಿಗೆ ಒಂದು ಬದಿಯಲ್ಲಿ ಹೆಸರು ಬರೆಯಲಿ. ಕಾಣದಿದ್ದರೂ ಇದೆಯೆಂದು ತರ್ಕಿಸಿದ ಭಾಗಗಳನ್ನು ಇನ್ನೊಂದು ಬದಿಯಲ್ಲಿ, ಏಕೆ ಹಾಗೆ ತರ್ಕಿಸಿದ್ದೇವೆ ಎಂಬ ಒಂದು ಸಾಲಿನೊಂದಿಗೆ ಬರೆಯಲಿ. ರಿಯೋ ಎಲೆಯ ಚಿತ್ರದಲ್ಲಿ ಕೋಶಭಿತ್ತಿ ಮೊದಲ ಪಟ್ಟಿಗೆ ಬರುತ್ತದೆ, ಕೋಶಪೊರೆ ಎರಡನೆಯದಕ್ಕೆ.

ಸೂಕ್ಷ್ಮದರ್ಶಕವೇ ಇಲ್ಲದ ಶಾಲೆಯವರು ಏನು ಮಾಡಬೇಕೆಂದು ಆರಂಭಕ್ಕೂ ಮುನ್ನ ಕೆಲವರು ಕೇಳಿದ್ದೀರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಅವರ ತಂಡ 2014ರಲ್ಲಿ ಪ್ರಕಟಿಸಿದ ಫೋಲ್ಡ್‌ಸ್ಕೋಪ್ ಮಡಚಿದ ಕಾಗದದ್ದು. ಅದರಲ್ಲಿ ಲೇವನ್‌ಹುಕ್‌ರ ಉಪಕರಣದಂತೆ ಒಂದೇ ಪುಟ್ಟ ಮಸೂರವಿದೆ. ಸಾಮಾನ್ಯವಾಗಿ ಸಿಗುವ ಮಾದರಿ 140 ಪಟ್ಟು ಹಿಗ್ಗಿಸುತ್ತದೆ, ಸುಮಾರು 2 ಮೈಕ್ರೋಮೀಟರ್ ವಿವರವನ್ನು ಬಿಡಿಸಿ ತೋರಿಸುತ್ತದೆ. ಇಂದು ಪರದೆಯ ಮೇಲೆ ನೋಡಿದ ಈರುಳ್ಳಿಯ ಕೋಶಕ್ಕೂ ರಿಯೋ ಎಲೆಯ ಸಂಕುಚನಕ್ಕೂ ಅಷ್ಟು ಸಾಕು.

ಸೂಕ್ಷ್ಮದರ್ಶಕ ಇರುವ ಶಾಲೆಗಳವರು, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನವರು, ಮಳೆಗಾಲದ ಬಗ್ಗೆ ಎಚ್ಚರ ವಹಿಸಬೇಕು. ತೇವ ತುಂಬಿದ ಮುಚ್ಚಿದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಮಸೂರದ ಮೇಲೆ ಬೂಷ್ಟು ಎಳೆಎಳೆಯಾಗಿ ಬೆಳೆಯುತ್ತದೆ, ಗಾಜಿನ ಲೇಪವನ್ನೇ ಕೆಡಿಸುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಮಸೂರವನ್ನು ಅಂಗಿಯ ತುದಿಯಿಂದಲೋ ಸೀರೆಯ ಸೆರಗಿನಿಂದಲೋ ಒರೆಸಬೇಡಿ. ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿ, ಆಮೇಲೆ ಲೆನ್ಸ್ ಕಾಗದದಿಂದ ಹಗುರವಾಗಿ ಒರೆಸಿ. ಎಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೆ ಒಮ್ಮೆಯಾದರೂ ಅದನ್ನು ಹೊರತೆಗೆದು ಬಳಸಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಸೂಕ್ಷ್ಮದರ್ಶಕಕ್ಕೇ ಬೂಷ್ಟು ಬೇಗ ಹಿಡಿಯುತ್ತದೆ.